ಸೆರೆಯಿಂದ ಬಂದ ರಾಗಿ

2020ರ ಲಾಕ್‌ಡೌನಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಮುಚ್ಚಿತು. ಅಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪನ ಕೂಲಿಯೂ ನಿಂತಿತು. ರಾಣೆಬೆನ್ನೂರಿನ ಹಾಸ್ಟೆಲಿನಿಂದ ಊರಿಗೆ ಬಂದ ನನ್ನ ಚೀಲದಲ್ಲಿದ್ದದ್ದು ಒಂದೇ ಪುಸ್ತಕ: ನಮ್ಮದೇ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’.

ಅದರಲ್ಲಿ ಅಕ್ಕಿಯೂ ರಾಗಿಯೂ ಯಾರು ಹೆಚ್ಚೆಂದು ಜಗಳವಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಗಟ್ಟಿಯಾಗಿಯೇ ಹೊರಬರುತ್ತದೆ.

ಸಂಜೆ ಅವ್ವ ಜೋಳದ ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಕೂತು ಓದಿ, ಅರ್ಥ ಹೇಳುತ್ತಿದ್ದೆ. ಹಚ್ಚಿಕೊಳ್ಳಲು ಬ್ಯಾಡಗಿ ಕಾಯಿಯ ರಂಜಕ: ಬಣ್ಣ ಜೋರು, ಖಾರ ಕಡಿಮೆ. ದುಡಿಮೆಯಿಲ್ಲದೆ ಮಾತೇ ಬಿಟ್ಟಿದ್ದ ಅಪ್ಪ ಒಂದು ದಿನ ಕೇಳಿದ, “ಮುಂದ ರಾಗಿ ಏನಾತು?”

“ರಾಮ ತನ್ನ ಹೆಸರನ್ನ ಅದಕ್ಕ ಕೊಟ್ಟ.”

ಸಾಲವೇನೂ ತೀರಲಿಲ್ಲ. ಆದರೆ ಅಂದು ಅಪ್ಪ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.