ಬತ್ತಿದ ನದಿಗೂ ದಾರಿ ನೆನಪಿರುತ್ತೆ

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋ ನಮಗೆ ನದಿ ಅಂದ್ರೆ ಸಕಲೇಶಪುರವೋ ಮಡಿಕೇರಿಯೋ ನೆನಪಾಗುತ್ತೆ. ತುಮಕೂರಿಗೆ ಪ್ರವಾಹ ಅಂದ್ರೆ ನಗ್ತಾರೆ. ಬರದ ಜಿಲ್ಲೆ ಅಲ್ವಾ? ಆದರೆ ರಜೆ ಸಿಕ್ಕಾಗ ಬೈಕಲ್ಲಿ ಸುತ್ತಾಡುತ್ತಾ ನನಗೆ ಗೊತ್ತಾಗಿದ್ದು ಬೇರೆ.

ಇದಕ್ಕೆಲ್ಲ ಮೂಲ ದೇವರಾಯನದುರ್ಗ. ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿ ದಾಟಿ, ಆಂಧ್ರದ ಹಿಂದೂಪುರದ ಕಡೆ ಉತ್ತರ ಪಿನಾಕಿನಿ ಸೇರುತ್ತೆ. ಶಿಂಷಾ ಗುಬ್ಬಿ, ಕುಣಿಗಲ್ ಕಡೆ ಇಳಿದು, ಮಂಡ್ಯ ಜಿಲ್ಲೆ ಹಾದು ಕಾವೇರಿಗೆ ಸೇರುತ್ತೆ. ಒಂದೇ ಬೆಟ್ಟದ ಮಳೆ, ಎರಡು ಬೇರೆ ಬೇರೆ ಸಂಸಾರ!

ಇವು ಮಲೆನಾಡಿನ ನದಿಗಳ ಹಾಗೆ ವರ್ಷವಿಡೀ ಹರಿಯಲ್ಲ. ಬೆಟ್ಟದಲ್ಲಿ ಬಂಡೆ ಜಾಸ್ತಿ, ಮಣ್ಣು ತೆಳು. ಜೋರು ಮಳೆ ಬಿದ್ದರೆ ನೀರು ಇಂಗೋದಕ್ಕಿಂತ ಹರಿಯೋದೇ ಹೆಚ್ಚು. ನಮ್ಮ ಕಡೆ ದೊಡ್ಡ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಕೆರೆಗಳು ತುಂಬಿದ್ದರೆ ಹೊಸ ನೀರಿಗೆ ಜಾಗವೇ ಇರಲ್ಲ.

ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಶಿಂಷಾ ನೀರನ್ನೇ ಹಿಡಿದಿಟ್ಟದ್ದು. ಕುಣಿಗಲ್ ದೊಡ್ಡಕೆರೆ ಬಗ್ಗೆಯಂತೂ ಜನಪದ ಹಾಡೇ ಇದೆ. ಈ ವ್ಯವಸ್ಥೆಗೆ ಒಂದು ಷರತ್ತು ಇತ್ತು: ಕೆರೆಯಿಂದ ಕೆರೆಗೆ ಹೋಗೋ ಕಾಲುವೆ ತೆರೆದಿರಬೇಕು. ಎಲ್ಲೋ ಒಂದು ಕಡೆ ಮುಚ್ಚಿದರೂ ನೀರು ಪಕ್ಕದ ಹೊಲಕ್ಕೋ ಮನೆಗೋ ನುಗ್ಗುತ್ತೆ.

ವರ್ಷಗಟ್ಟಲೆ ಒಣಗಿದ್ದ ಜಯಮಂಗಲಿಯಲ್ಲಿ ಜನ ಕಂಡಿದ್ದು ಮರಳು ಮಾತ್ರ. ಮರಳು ತೆಗೆದ ಗುಂಡಿಗಳು ಇನ್ನೂ ಇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆ ಮೀಸಲಾದ ಹುಲ್ಲುಗಾವಲಿಗೂ ಇದೇ ನದಿಯ ಹೆಸರು; ಅಲ್ಲಿ ನಿಂತು ನೋಡಿದರೆ ಈ ಸೀಮೆಗೆ ಪ್ರವಾಹ ಬರುತ್ತೆ ಅಂತ ನಂಬೋದು ಕಷ್ಟ. ಅದೇ ಜಯಮಂಗಲಿ 2022ರ ಮಳೆಗಾಲದಲ್ಲಿ ಉಕ್ಕಿ ಹರಿಯಿತು. ನದಿಗೆ ಹೊಸ ದಾರಿ ಬೇಕಿರಲಿಲ್ಲ, ತನ್ನ ಹಳೇ ದಾರಿಗೇ ಬಂತು, ಅಷ್ಟೇ.

ಶಿಂಷಾ ಕಡೆ ಹೋದರೆ ಯಡಿಯೂರಿಗೆ ಹತ್ತಿರ ಮಾರ್ಕೋನಹಳ್ಳಿ ಜಲಾಶಯ. ಮೈಸೂರು ಅರಸರ ಕಾಲದ ಕಟ್ಟೆ. ಇದರ ವಿಶೇಷ ಸೈಫನ್. ಗೇಟ್ ಎತ್ತೋಕೆ ಯಾರೂ ಬೇಕಿಲ್ಲ. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ಕೊಳವೆಯೊಳಗಿನ ಗಾಳಿ ಹೊರಗೆ ಹೋಗಿ, ನೀರು ತಾನಾಗಿ ಎಳೆದುಕೊಂಡು ಧುಮುಕುತ್ತೆ. ಅದ್ಭುತ ತಂತ್ರಜ್ಞಾನ. ಆದರೆ ಕೆಳಗೆ ಮೊಣಕಾಲುದ್ದ ನೀರಲ್ಲಿ ಆಡ್ತಾ ಇರೋರಿಗೆ ಅದೇ ಅಪಾಯ. 2025ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದಿದ್ದ ಒಂದೇ ಕುಟುಂಬದ ಹಲವರು ಹೀಗೇ ಏಕಾಏಕಿ ಬಂದ ನೀರಿನಲ್ಲಿ ಕೊಚ್ಚಿಹೋದರು. ಅಲ್ಲಿ ನಿಂತಾಗ ಸೆಲ್ಫಿ ತೆಗೆಯೋಕೆ ಕೈ ಬರಲಿಲ್ಲ.

ಹಾಗಂತ ಹೋಗಲೇಬೇಡಿ ಅಂತಿಲ್ಲ. ಹೋಗಿ, ಕಟ್ಟೆ ಮೇಲಿಂದ ನೋಡಿ. ಮಳೆ ನಿಮ್ಮ ತಲೆ ಮೇಲೆ ಬೀಳ್ತಿಲ್ಲ ಅಂದ ಮಾತ್ರಕ್ಕೆ ನೀರಿಗಿಳೀಬೇಡಿ. ಬೆಟ್ಟದ ಕಡೆ ಮೋಡ ಕಟ್ಟಿದೆಯಾ ಅಂತ ಅಲ್ಲಿನವರನ್ನ ಕೇಳಿ.

ಇನ್ನೊಂದು ಮಾತು, ಸೈಟ್ ಹುಡುಕುತ್ತಿರೋ ನನ್ನ ಸಹೋದ್ಯೋಗಿಗಳಿಗೂ ಇದನ್ನೇ ಹೇಳ್ತೀನಿ. ಫ್ಯಾಕ್ಟರಿಗಳು ಬಂದ ಮೇಲೆ ಸುತ್ತಮುತ್ತ ಬಡಾವಣೆಗಳೂ ಬರುತ್ತಿವೆ. ಅಡ್ವಾನ್ಸ್ ಕೊಡೋ ಮೊದಲು ಗ್ರಾಮ ನಕ್ಷೆ ತೆಗೆಸಿ, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಹಳ್ಳ, ರಾಜಕಾಲುವೆ, ಕೆರೆ ಅಂಗಳ ಎಲ್ಲಿದೆ ಅಂತ ತಿಳೀರಿ. ಆಮೇಲೆ ಊರಿನ ಯಾರಾದರೂ ಅಜ್ಜನ್ನ ಹಿಡಿದು, ‘ಕೆರೆ ಕೋಡಿ ಬಿದ್ದಾಗ ನೀರು ಎಲ್ಲಿಂದ ಹೋಗ್ತಿತ್ತು ತಾತ?’ ಅಂತ ಕೇಳಿ. ಅವರು ಕೈ ತೋರಿಸಿದ ಕಡೆ ನಿಮ್ಮ ಸೈಟ್ ಇದ್ದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಬೈಕ್ ತಿರುಗಿಸಿ.