ಕೊಂಡಜ್ಜಿಯ ಕೆರೆಯ ಮಗ್ಗುಲಲ್ಲಿ ಮಕ್ಕಳೊಡನೆ ಒಂದು ದಿನ

ದಾವಣಗೆರೆಯಿಂದ ಕೊಂಡಜ್ಜಿಗೆ ಹೋಗುವ ಹಾದಿ ದೀರ್ಘವಾದುದಲ್ಲ. ಪಟ್ಟಣದ ಗದ್ದಲ ಹಿಂದೆ ಸರಿದೊಡನೆ ಎರಡು ಬಗೆಯ ನೆಲ ಕಣ್ಣಿಗೆ ಬೀಳುತ್ತದೆ. ಭದ್ರಾ ನಾಲೆಯ ನೀರು ತಲುಪಿದ ಕಡೆ ಬೇಸಿಗೆಯ ಭತ್ತ ಹೊಂಬಣ್ಣಕ್ಕೆ ತಿರುಗಿ ಕೊಯ್ಲಿಗೆ ಕಾದಿರುತ್ತದೆ. ತಲುಪದ ಕಡೆ ಮೆಕ್ಕೆಜೋಳ ಕೊಯ್ದು ಬರಿದಾದ ಹೊಲಗಳು ಮೊದಲ ಮಳೆಗೆ ಬಾಯಿ ತೆರೆದು ಮಲಗಿರುತ್ತವೆ. ಆ ಬಯಲು ಮುಗಿಯುವಲ್ಲಿ ಕುರುಚಲು ಕಾಡಿನ ಗುಡ್ಡಗಳು, ಗುಡ್ಡಗಳ ಮಗ್ಗುಲಲ್ಲಿ ಒಂದು ಕೆರೆ. ಅದೇ ಕೊಂಡಜ್ಜಿಯ ಕೆರೆ. ಇಂದು ದಾವಣಗೆರೆ ಜಿಲ್ಲೆಗೆ ಸೇರಿದ ಹರಿಹರ ತಾಲೂಕಿನ ಈ ಗ್ರಾಮವು, 1997ರಲ್ಲಿ ಹೊಸ ಜಿಲ್ಲೆ ರಚನೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು. ಹರಿಹರಕ್ಕೆ ಬರುವ ಯಾತ್ರಿಕರು ತುಂಗಭದ್ರೆಯಲ್ಲಿ ಮಿಂದು, ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲವನ್ನು ಕಂಡು ಹಿಂದಿರುಗುವರೇ ಹೊರತು ಇತ್ತ ತಿರುಗುವವರು ವಿರಳ. ಮಕ್ಕಳು ಮಾತ್ರ ಬರುತ್ತಾರೆ. ಅವರು ಬರಲು ಕಾರಣವೂ ಇದೆ.

ಈ ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದವರು ಕೊಂಡಜ್ಜಿ ಬಸಪ್ಪನವರು. 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಆಯ್ಕೆಯಾದ ರಾಜಕಾರಣಿಯೆಂದು ಅವರನ್ನು ನೆನೆಯುವವರಿದ್ದಾರೆ. ಆದರೆ ಖಾಕಿ ಚಡ್ಡಿ, ಕೊರಳಿಗೆ ಸ್ಕಾರ್ಫು ತೊಟ್ಟ ಮಕ್ಕಳ ನಡುವೆ ಅವರನ್ನು ನೆನೆಯುವವರೇ ಹೆಚ್ಚು. ಸ್ಕೌಟ್ ಚಳವಳಿಗೆ ಅವರು ಸಲ್ಲಿಸಿದ ಸೇವೆಯ ಕುರುಹಾಗಿ ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಅವರ ಹೆಸರಿನ ಸಭಾಂಗಣವಿದೆ, ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿಯ ನೆಲೆಯಿದೆ.

ಮಕ್ಕಳನ್ನು ಮನೆಯಿಂದ ಹೊರತಂದು ಡೇರೆಯಲ್ಲಿ ಮಲಗಿಸಿ ಕಲಿಸುವ ಈ ಪದ್ಧತಿಗೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿಯು ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪಕ್ಕೆ ಇಪ್ಪತ್ತು ಹುಡುಗರನ್ನು ಕರೆದೊಯ್ದನು. ಶ್ರೀಮಂತರ ಶಾಲೆಗಳ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಬೆರೆಸಿ ನಾಲ್ಕು ದಳಗಳನ್ನು ಮಾಡಿದನು. ಎರಡೇ ವರ್ಷಗಳಲ್ಲಿ, ಅಂದರೆ 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಭಾರತದ ಮೊದಲ ಸ್ಕೌಟ್ ದಳವು ಹುಟ್ಟಿತು. ಆದರೆ ಅದರಲ್ಲಿ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ ಹೇಳದೆ ಬಿಡಲಾಗದು. ಆನಿ ಬೆಸೆಂಟರು ಮುಂತಾದವರು ಭಾರತೀಯ ಮಕ್ಕಳಿಗಾಗಿಯೇ ಬೇರೆ ಸಂಘಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಇವು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ನಾವು ಹೋದುದು ಆ ಸಂಸ್ಥೆಯ ಶಿಬಿರಕ್ಕಲ್ಲ. ನಮ್ಮೂರಿನ ಮಕ್ಕಳ ಬಳಗವೊಂದು 2025ರ ಏಪ್ರಿಲ್ ಕೊನೆಯಲ್ಲಿ ಕೆರೆಯ ಸಮೀಪ ಏರ್ಪಡಿಸಿದ್ದ ಚಿಕ್ಕದೊಂದು ಬೇಸಿಗೆ ಶಿಬಿರಕ್ಕೆ. ಎಂಟರಿಂದ ಹನ್ನೆರಡು ವರ್ಷದ ನಲವತ್ತೆಂಟು ಮಕ್ಕಳು. ಎಂಟೆಂಟರಂತೆ ಆರು ದಳಗಳು. ನವಿಲು, ಗರುಡ, ಹುಲಿ, ಕರಡಿ ಎಂದು ಮುಂತಾದ ಹೆಸರುಗಳು. ದಿನಕ್ಕೆ ನಾಲ್ವರಂತೆ ಅಧ್ಯಾಪಕರು ಪಟ್ಟಣದಿಂದ ಬಂದು ಮರುದಿನ ಬೆಳಗಿನವರೆಗೆ ಮಕ್ಕಳ ಮೇಲ್ವಿಚಾರಣೆ ವಹಿಸುವುದೆಂದು ಏರ್ಪಾಡು. ಎರಡನೆಯ ದಿನ, 28ರ ಸೋಮವಾರ, ನಮ್ಮ ಸರದಿ. ನಮ್ಮಲ್ಲಿ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ, ಉಳಿದಿಬ್ಬರು ಇನ್ನೂ ಹೊಸಬರು.

ಬೆಳಗಿನ ಐದೂವರೆಗೆ ಸೀಟಿ ಊದಿದರೆ ಮಕ್ಕಳು ಏಳುವರೆಂದು ನಂಬುವುದು ಮಕ್ಕಳನ್ನು ಸಾಕದವರ ನಂಬಿಕೆ. ಆದರೆ ಹಲ್ಲುಜ್ಜಿ ಬಯಲಿನಲ್ಲಿ ಸಾಲುಗಟ್ಟಿ ನಿಂತು ಅಂಗಸಾಧನೆ ಮಾಡುವ ಹೊತ್ತಿಗೆ, ಕೆರೆಯ ಮೇಲಿನಿಂದ ಬೀಸಿದ ತಂಗಾಳಿಗೆ ನಿದ್ದೆಯೆಲ್ಲ ಹಾರಿಹೋಗಿತ್ತು. ಶಿಬಿರದ ಮೊದಲ ಕಟ್ಟಳೆ ಕೆರೆಯದೇ. ಯಾವ ಮಗುವೂ ಒಂಟಿಯಾಗಿ ನೀರಿನತ್ತ ಹೋಗುವಂತಿಲ್ಲ, ಈಜುವ ಮಾತು ಇಲ್ಲವೇ ಇಲ್ಲ. ಅರ್ಧ ಗಂಟೆಗೊಮ್ಮೆ ಸೀಟಿ, ಸೀಟಿಗೊಮ್ಮೆ ತಲೆಯೆಣಿಕೆ. ನಲವತ್ತೆಂಟು ಎಂಬ ಸಂಖ್ಯೆ ಆ ದಿನ ನಮ್ಮ ಬಾಯಲ್ಲಿ ಜಪವಾಗಿಬಿಟ್ಟಿತ್ತು.

ಉಪ್ಪಿಟ್ಟಿನ ತಿಂಡಿಯಾದ ಮೇಲೆ ಬೇವಿನ ಮರದ ನೆರಳಲ್ಲಿ ಗಂಟಿನ ಪಾಠ. ಹಗ್ಗದ ಎಡತುದಿಯನ್ನು ಬಲತುದಿಯ ಮೇಲೆ ಹಾಯಿಸಿ, ಮರಳಿ ಬಲತುದಿಯನ್ನು ಎಡತುದಿಯ ಮೇಲೆ ಹಾಯಿಸಿದರೆ ರೀಫ್ ಗಂಟು. ಅದು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಗೆ ಉತ್ತಮ, ಮೈಗೆ ಒತ್ತದು. ಎರಡು ಸಲವೂ ಒಂದೇ ತುದಿಯನ್ನು ಮೇಲೆ ಹಾಯಿಸಿದರೆ ಗಂಟು ಜಾರುತ್ತದೆ. ಇಂಗ್ಲಿಷರು ಆ ಕೆಟ್ಟ ಗಂಟಿಗೆ ಅಜ್ಜಿಯ ಹೆಸರಿಟ್ಟಿದ್ದಾರೆ; ಆಕಳು ಕಟ್ಟಿ, ತೊಟ್ಟಿಲು ಕಟ್ಟಿ ಕೈ ಪಳಗಿಸಿಕೊಂಡ ನಮ್ಮ ಅಜ್ಜಿಯರಿಗೆ ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಜೀರುಗುಣಿಕೆ ಹಾಕಿ ತೋರಿಸಿದಳು. "ನಮ್ಮ ಎಮ್ಮೀಗೆ ಹಿಂಗೇ ಕಟ್ಟೋದು ಸಾರ್" ಎಂದಳು. ಮುಖ್ಯೋಪಾಧ್ಯಾಯರು ಆಕೆಯನ್ನೇ ಮುಂದೆ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು: ಬಾವಿಗೆ ಬಿದ್ದವನ ಸೊಂಟಕ್ಕೆ ಇದನ್ನು ಹಾಕಿ ಎಳೆದರೆ ಏನಾಗುವುದು? ಮಕ್ಕಳು ಯೋಚಿಸಿದರು. ಜೀರುಗುಣಿಕೆಯು ಎಳೆದಷ್ಟೂ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕಾಗಿಯೇ ಎಳೆದರೂ ಕುಗ್ಗದ ಬೋಲೈನ್ ಎಂಬ ಕುಣಿಕೆಯನ್ನು ಕಲಿಯಬೇಕು. ಅನಂತರ ಒಂದು ತಾಸು ಮಕ್ಕಳು ಪರಸ್ಪರರ ಸೊಂಟಕ್ಕೆ ಕುಣಿಕೆ ಹಾಕಿ ಕಲ್ಪನೆಯ ಬಾವಿಗಳಿಂದ ಮೇಲೆತ್ತಿದ್ದೇ ಎತ್ತಿದ್ದು.

ಹತ್ತೂವರೆಗೆ ಬೆಲ್ಲದ ಪಾನಕ. ಆಗಲೇ ಶಿಕ್ಷಕಿಯ ಕಣ್ಣಿಗೊಂದು ಸಂಗತಿ ಬಿದ್ದಿತು. ಗರುಡ ದಳದ ಒಂಬತ್ತು ವರ್ಷದ ಹುಡುಗನೊಬ್ಬ ಲೋಟವನ್ನು ತುಟಿಗೆ ಸೋಕಿಸಿ, ಮರದ ಹಿಂದೆ ಹೋಗಿ, ಪಾನಕವನ್ನು ಬುಡಕ್ಕೆ ಸುರಿದು ಬಂದನು. ಊಟದಲ್ಲಿ ಅನ್ನ ಸಾರು ಉಂಡನು, ಮಜ್ಜಿಗೆ ಬೇಡವೆಂದನು. ತುಟಿ ಒಣಗಿ ಬಿಳಿಚಿತ್ತು. ಮೂರು ಗಂಟೆಯ ಸುಮಾರಿಗೆ, ಗುಡ್ಡದ ಕಲ್ಲುಗಳು ಕಾದ ಹಂಚಿನಂತೆ ಬಿಸಿಯುಗುಳುತ್ತಿದ್ದ ಹೊತ್ತಿನಲ್ಲಿ, ತಲೆ ನೋಯುತ್ತದೆಂದು ಡೇರೆಯಲ್ಲಿ ಮಲಗಿಬಿಟ್ಟನು.

ಬಿಸಿಲಿನ ದಿನಗಳಲ್ಲಿ ಓಡಾಡುವ ಮಗುವಿಗೆ ದಿನಕ್ಕೆ ಎರಡು ಲೀಟರಿಗೆ ಹತ್ತಿರ ನೀರು ಬೇಕು. ಅದು ದೊರೆಯದಿದ್ದರೆ ಮೊದಲು ತಲೆನೋವು, ಮಂಕು. ಮೂತ್ರ ಗಾಢ ಹಳದಿಗೆ ತಿರುಗುವುದು. ಅಲಕ್ಷಿಸಿದರೆ ಬಿಸಿಲಿನ ಹೊಡೆತ ಪ್ರಾಣಕ್ಕೇ ಮುಟ್ಟುವುದು. ನಮ್ಮಲ್ಲಿ ಕಿರಿಯರಾದವರು ಗಾಬರಿಗೊಂಡು, ಮನೆಗೆ ಫೋನು ಮಾಡಿ ಹುಡುಗನನ್ನು ಕಳುಹಿಸಿಬಿಡೋಣವೆಂದರು. ಮುಖ್ಯೋಪಾಧ್ಯಾಯರು ಸ್ವಲ್ಪ ತಾಳಿರೆಂದರು. ಶಿಕ್ಷಕಿಯು ಒದ್ದೆ ಬಟ್ಟೆಯನ್ನು ಹುಡುಗನ ಹಣೆಗೆ ಹಾಕಿ ಬಳಿಯಲ್ಲಿ ಕುಳಿತರು. ಏನನ್ನೂ ಕೇಳಲಿಲ್ಲ. ತಮ್ಮ ತವರುಮನೆಯ ಮಾತು ತೆಗೆದು, ತಮ್ಮ ತಮ್ಮನು ಹನ್ನೊಂದು ವರ್ಷವಾಗುವವರೆಗೂ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದನೆಂದೂ, ಈಗ ಎರಡು ಮಕ್ಕಳ ತಂದೆಯಾಗಿ ಅಂಗಡಿ ನಡೆಸುತ್ತಿರುವನೆಂದೂ ಸುಮ್ಮನೆ ಹೇಳುತ್ತ ಹೋದರು.

ಹುಡುಗನು ಬಹಳ ಹೊತ್ತು ಡೇರೆಯ ಬಟ್ಟೆಯನ್ನೇ ನೋಡುತ್ತಿದ್ದು, "ಅವರೂ ಶಿಬಿರಕ್ಕೆ ಹೋಗಿದ್ರಾ ಅಕ್ಕಾ?" ಎಂದು ಕೇಳಿದನು.

"ಹೋಗಿದ್ದ. ಅವನಿಗೂ ನಿನ್ನಂಗೇ ಹೆದರಿಕೆ ಇತ್ತು."

ಆಗ ಒಂದೊಂದಾಗಿ ಹೊರಬಂದಿತು. ಹೊರಡುವಾಗ ಮನೆಯಲ್ಲಿ, "ಅಲ್ಲಿ ಮರ್ಯಾದೆ ಕಳೀಬೇಡ, ನೀರು ಕಡಿಮೆ ಕುಡಿ" ಎಂದು ಎಚ್ಚರಿಸಿದ್ದರು. ಹುಡುಗ ಅದನ್ನು ಇಡೀ ದಿನಕ್ಕೇ ಅನ್ವಯಿಸಿಕೊಂಡಿದ್ದನು. ಸಾಲದುದಕ್ಕೆ, "ನಿನ್ನೆ ರಾತ್ರಿ ನಿದ್ದೇನೇ ಮಾಡ್ಲಿಲ್ಲ ಅಕ್ಕಾ. ಎದ್ದಿದ್ರೆ ಆಗಲ್ಲ" ಎಂದನು. ಒಂಬತ್ತು ವರ್ಷದ ಮಗು, ಏಳು ಜನ ಗೆಳೆಯರು ಗೊರಕೆ ಹೊಡೆಯುತ್ತಿರುವ ಡೇರೆಯಲ್ಲಿ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡು ಮಲಗಿತ್ತು.

ನಮ್ಮ ಮನೆಗಳಲ್ಲಿ ಈ ವಿಷಯವನ್ನು ಮಾತನಾಡುವ ರೂಢಿಯಿಲ್ಲ, ಬೈಯುವ ರೂಢಿಯುಂಟು. ವೈದ್ಯರು ಹೇಳುವಂತೆ ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳಿಗೆ ಇದು ಇದ್ದೇ ಇರುತ್ತದೆ, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಇದ್ದರೆ ಮಕ್ಕಳಿಗೂ ಬರುವುದುಂಟು. ಇದು ಸೋಮಾರಿತನವಲ್ಲ, ಹಟವೂ ಅಲ್ಲ. ನಿದ್ದೆಯ ಆಳದಲ್ಲಿ ಮೂತ್ರಕೋಶದ ಕರೆ ಮೆದುಳಿಗೆ ಕೇಳುವುದಿಲ್ಲ, ಅಷ್ಟೇ. ವರ್ಷ ಕಳೆದಂತೆ ಬಹುಮಂದಿಗೆ ತಾನಾಗಿ ನಿಲ್ಲುತ್ತದೆ. ನಿಂತುಹೋಗಿ ಆರು ತಿಂಗಳಾದ ಮೇಲೆ ಮತ್ತೆ ಆರಂಭವಾದರೆ, ಅಥವಾ ಹಗಲಿನಲ್ಲಿಯೂ ಆದರೆ, ವೈದ್ಯರಿಗೆ ತೋರಿಸಬೇಕು. ಹಗಲೆಲ್ಲ ಧಾರಾಳವಾಗಿ ಕುಡಿಸಿ, ಮಲಗುವ ಒಂದೆರಡು ತಾಸು ಮುಂಚೆ ಮಾತ್ರ ಮಿತಗೊಳಿಸುವುದು ಸರಿಯಾದ ಕ್ರಮ. ಹಗಲಿನ ನೀರನ್ನು ಕಸಿಯುವುದು, ನಾಲ್ಕು ಜನರ ಮುಂದೆ ಹಾಸಿಗೆಯನ್ನು ಎತ್ತಿ ತೋರಿಸುವುದು, ಇವು ಮಗುವಿನ ಮೈಯನ್ನೂ ಮನಸ್ಸನ್ನೂ ಕೆಡಿಸುವ ಕೆಲಸಗಳು.

ಮನೆಗೆ ಕಳುಹಿಸುವ ಮಾತನ್ನು ನಾವು ಅಲ್ಲಿಗೇ ಬಿಟ್ಟೆವು. ಕಳುಹಿಸಿದ್ದರೆ ಆ ಹುಡುಗ ಮುಂದೆ ಯಾವ ಶಿಬಿರಕ್ಕೂ, ಯಾವ ನೆಂಟರ ಮನೆಗೂ ಮಲಗಲು ಹೋಗುತ್ತಿರಲಿಲ್ಲವೆಂದು ಮುಖ್ಯೋಪಾಧ್ಯಾಯರು ಹೇಳಿದುದು ನಮಗೆ ಸರಿಯೆನಿಸಿತು. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಆರು ಗಂಟೆಯೊಳಗೆ ಗುಟುಕು ಗುಟುಕಾಗಿ ಕುಡಿಸಿದೆವು. ಐದರ ಹೊತ್ತಿಗೆ ತಲೆನೋವು ಇಳಿದು, ಮಂಡಕ್ಕಿ ಮೆಣಸಿನಕಾಯಿಗೆ ಕೈಚಾಚುವಷ್ಟು ಚೇತರಿಸಿಕೊಂಡನು.

ಉಳಿದುದು ರಾತ್ರಿಯ ಸಮಸ್ಯೆ. ಅವನೊಬ್ಬನನ್ನೇ ಎಬ್ಬಿಸಿದರೆ ಗುಟ್ಟು ಬಯಲಾಗುವುದು. ನಮ್ಮ ಕಿರಿಯ ಮಿತ್ರರೇ ಇದಕ್ಕೊಂದು ಉಪಾಯ ಹುಡುಕಿದರು. ಶಿಬಿರಾಗ್ನಿಯ ಸುತ್ತ ಹಾಡು, ಅಣಕು ನಾಟಕ ಮುಗಿದ ಮೇಲೆ, "ಇಂದು ರಾತ್ರಿ ಗರುಡ ದಳದವರದು ಗಸ್ತು. ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಎದ್ದು ಶಿಬಿರವನ್ನು ಸುತ್ತಬೇಕು" ಎಂದು ಘೋಷಿಸಿದರು. ಉಳಿದ ಐದು ದಳಗಳು ಹೊಟ್ಟೆಕಿಚ್ಚಿನಿಂದ ಕೂಗಾಡಿದವು. ಅವರವರ ಸರದಿ ಬರುವುದೆಂದು ಸಮಾಧಾನಪಡಿಸಬೇಕಾಯಿತು.

ಹನ್ನೊಂದಕ್ಕೆ ಎಂಟು ಮಕ್ಕಳೂ ಟಾರ್ಚು ಹಿಡಿದು ಹೊರಟರು. ಮೊದಲು ಶೌಚಾಲಯ, ಆಮೇಲೆ ಗಸ್ತು ಎಂಬುದು ನಿಯಮ. ಹಿಂದಿನ ದಿನವೇ ಅಮಾವಾಸ್ಯೆ ಕಳೆದಿತ್ತು. ಪಟ್ಟಣದ ಮಕ್ಕಳು ಅಂತಹ ಕತ್ತಲೆಯನ್ನೂ ಅಷ್ಟೊಂದು ನಕ್ಷತ್ರಗಳನ್ನೂ ಕಂಡವರಲ್ಲ. ಉತ್ತರದಲ್ಲಿ ಸಪ್ತರ್ಷಿ ಮಂಡಲವು ಎತ್ತರಕ್ಕೇರಿತ್ತು. ಅದರ ಬಾಲದ ಬಾಗನ್ನು ಹಿಡಿದು ಮುಂದೆ ಸಾಗಿದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ಗುಂಪಿನ ಕೊನೆಯಲ್ಲಿ ನಡೆಯುತ್ತಿದ್ದ ನಮ್ಮ ಹುಡುಗ ತಲೆಯೆತ್ತಿ ನಡೆಯುತ್ತ ಎರಡು ಸಲ ಎಡವಿದನು.

ಮೂರಕ್ಕೆ ಎಬ್ಬಿಸಲು ಹೋದಾಗ ಅವನ ಹಾಸು ಒದ್ದೆಯಾಗಿತ್ತು. ಹಿಂದಿನ ರಾತ್ರಿಯ ನಿದ್ದೆಯೂ ಸೇರಿ ಅಷ್ಟು ಗಾಢವಾಗಿ ಮಲಗಿದ್ದನು. ಮಿಕ್ಕವರು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಹೋದ ಮೇಲೆ ಶಿಕ್ಷಕಿಯು ಕತ್ತಲಲ್ಲಿಯೇ ಹಾಸನ್ನು ಬದಲಿಸಿ, ಬೇರೆ ಚಡ್ಡಿಯನ್ನು ಕೈಗಿತ್ತರು. ಇಬ್ಬರೂ ಮಾತನಾಡಲಿಲ್ಲ. ಹುಡುಗ ಓಡಿಹೋಗಿ ಗಸ್ತನ್ನು ಸೇರಿಕೊಂಡನು. ದಕ್ಷಿಣದ ಗುಡ್ಡದ ಮೇಲೆ ವೃಶ್ಚಿಕವು ಕೊಂಡಿಯೆತ್ತಿ ನಿಂತಿತ್ತು. ಅದರ ಎದೆಯ ಕೆಂಪು ಜ್ಯೇಷ್ಠಾ ನಕ್ಷತ್ರವನ್ನು ಮೊದಲು ಗುರುತಿಸಿದವನು ತಾನೆಂದು ಮೂವರು ಜಗಳವಾಡಿದರು.

ಬೆಳಗ್ಗೆ ದಳದ ಎಲ್ಲ ಹಾಸು ಹೊದಿಕೆಗಳನ್ನೂ ನೆನೆಸಿ ಹಿಂಡಿ ಹಗ್ಗದ ಮೇಲೆ ಹರವಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ಮಕ್ಕಳೇ ಎರಡು ಮರಗಳ ನಡುವೆ ಹಗ್ಗ ಬಿಗಿದರು; ಒಂದು ಕಡೆಯ ಗಂಟು ಜಾರಿತು, ಮತ್ತೆ ಹಾಕಿಸಿದೆವು. ನಾವು ಮುಂದಿನ ಸರದಿಯವರಿಗೆ ಒಂದು ಚೀಟಿ ಬರೆದಿಟ್ಟು, ಅದನ್ನು ಓದಿ ಹರಿದುಹಾಕಬೇಕೆಂದು ಹೇಳಿ ಏಳೂವರೆಯ ಬಸ್ಸಿಗೆ ಹೊರಟೆವು. ಗರುಡ ದಳದವರು ನೀರಿನ ಪೀಪಾಯಿಯ ಮುಂದೆ ಲೋಟ ಹಿಡಿದು ಸಾಲು ನಿಂತಿದ್ದರು. ಆತ ಸಾಲಿನಲ್ಲಿ ನಾಲ್ಕನೆಯವನಾಗಿದ್ದನು.