ಅಪ್ಪನ ಹಾರ್ಮೋನಿಯಂ

ನಿಮ್ಮ ಮನೆಯಲ್ಲಿ ಹಿರಿಯರು ನುಡಿಸುತ್ತಿದ್ದ ವಾದ್ಯವೇನಾದರೂ ಇದ್ದರೆ ಅದರ ದನಿಯನ್ನು ಮುದ್ರಿಸಿಕೊಳ್ಳಿ. ಆದರೆ ನನ್ನಂತೆ ಅವಸರಪಡಬೇಡಿ.

ಅಪ್ಪ ನುಡಿಸುತ್ತಿದ್ದ ಹಾರ್ಮೋನಿಯಂ ಅಣ್ಣನ ಮನೆಯಲ್ಲಿದೆ. ಮೂರೂವರೆ ಸಪ್ತಕ, 42 ಕೀಲಿಗಳು. ರೀಡುಗಳು ಸವೆದಿದ್ದುದರಿಂದ ಅವನ್ನೆಲ್ಲ ಬದಲಿಸಲು ಕೊಡುವುದೆಂದಾಯಿತು. ಹಳೆಯ ದನಿ ಅಳಿಯುವ ಮುನ್ನ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಮುದ್ರಿಸಿ, ಗಣಕಯಂತ್ರದಲ್ಲಿ ಅದೇ ಪೆಟ್ಟಿಗೆ ನುಡಿಯುವಂತೆ ಮಾಡಬೇಕೆಂಬುದು ನನ್ನ ಬಯಕೆ. ಇಂತಹ ಧ್ವನಿತುಣುಕನ್ನು ಸ್ಯಾಂಪಲ್ ಎನ್ನುತ್ತಾರೆ. ತುಣುಕುಗಳನ್ನು ಮುದ್ರಿಸಿ ಹದಗೊಳಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶವೇ ಸಾಕು.

ಸಿ.ಡಿ. ಗುಣಮಟ್ಟದಲ್ಲಿ ಗಣಕಯಂತ್ರವು ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ. ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ನಿಲ್ಲಿಸುತ್ತದೆ. ಆ ಏಣಿಗೆ ತುದಿಯೊಂದುಂಟು. ಧ್ವನಿ ಅದನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಗಟ್ಟಿಯಾಗಿ ಕೇಳಿಸಲೆಂದು ನಾನು ಮೈಕಿನ ಮಟ್ಟವನ್ನು ಏರಿಸಿದ್ದೆ. ಮುದ್ರಿಸಿದ್ದನ್ನು ಕೇಳಿನೋಡದೆ ಪೆಟ್ಟಿಗೆಯನ್ನು ರಿಪೇರಿಗೆ ಕಳುಹಿಸಿಬಿಟ್ಟೆ.

ವಾರದ ಬಳಿಕ ತುಣುಕುಗಳನ್ನು ಹದಗೊಳಿಸಲು ಕುಳಿತೆ. ಆರಂಭದ ಮೌನವನ್ನು ಕತ್ತರಿಸಬೇಕು; ಅಲೆ ನಡುಗೆರೆಯನ್ನು ದಾಟುವಲ್ಲಿಯೇ ಕತ್ತರಿಸಬೇಕು, ಇಲ್ಲವಾದರೆ ‘ಟಿಕ್’ ಎಂಬ ಸದ್ದು ಉಳಿಯುತ್ತದೆ. ಹೀಗೆ ಒಂದೊಂದಾಗಿ ಕೇಳುತ್ತ ಹೋದಂತೆ ಏಳು ಸ್ವರಗಳು ಒಡೆದಿರುವುದು ತಿಳಿಯಿತು. ದನಿಯನ್ನು ತಗ್ಗಿಸಿದೆ, ಬಿರುಕೂ ತಗ್ಗಿತೇ ಹೊರತು ಹೋಗಲಿಲ್ಲ. ದುರಸ್ತಿಗಾರರಿಗೆ ದೂರವಾಣಿ ಮಾಡಿದೆ. ಹಳೆಯ ರೀಡುಗಳು ಅದಾಗಲೇ ಗುಜರಿ ಸೇರಿದ್ದವು.

ಉಳಿದ ದಾರಿ ಒಂದೇ: ಪಕ್ಕದ ಸ್ವರವನ್ನು ಎರವಲು ಪಡೆಯುವುದು. ಒಂದು ತುಣುಕನ್ನು ಸುಮಾರು ಶೇಕಡಾ 6ರಷ್ಟು ವೇಗವಾಗಿ ನುಡಿಸಿದರೆ ಅದು ಅರ್ಧ ಸ್ವರ ಮೇಲೇರುತ್ತದೆ. ಹಾಗೆ ಏಳನ್ನೂ ತುಂಬಿಸಿ ಅಣ್ಣನಿಗೆ ಕೇಳಿಸಿದೆ. ಅವನು ಕಣ್ಣುಮುಚ್ಚಿ ಆಲಿಸುತ್ತಿದ್ದವನು ಮಧ್ಯ ಸಪ್ತಕದ ಷಡ್ಜ ಬಂದಾಗ ಕಣ್ಣು ತೆರೆದು, “ಇದೊಂದು ಅಪ್ಪನದಲ್ಲ, ತಮ್ಮಾ” ಎಂದ. ಸಂಜೆ ಹಾಡು ಹೇಳಿಕೊಡುವಾಗ ಅಪ್ಪ ಮೊದಲು ಒತ್ತುತ್ತಿದ್ದುದು ಅದೇ ಕೀಲಿಯನ್ನು. ನನ್ನ ಬಳಿ ಉತ್ತರವಿರಲಿಲ್ಲ.

ಆದುದರಿಂದ ಓದುಗರೇ, ಮಟ್ಟವನ್ನು ತುದಿಗಿಂತ ಸಾಕಷ್ಟು ಕೆಳಗಿರಿಸಿ ಮುದ್ರಿಸಿ. ಅಲ್ಲಿಯೇ ಕುಳಿತು ಪ್ರತಿಯೊಂದನ್ನೂ ಕೇಳಿನೋಡಿ. ಮೂಲಪ್ರತಿಯನ್ನು ಮುಟ್ಟದೆ ಬೇರೆಡೆ ಕಾಪಾಡಿ. ತಗ್ಗಿದ ದನಿಯನ್ನು ಮುಂದೆ ಏರಿಸಿಕೊಳ್ಳಬಹುದು. ಒಡೆದ ದನಿಯನ್ನು ಮೊದಲಿನಂತೆ ಕೂಡಿಸಲಾಗದು. ಇವೆಲ್ಲ ಮುಗಿದ ಮೇಲೆಯೇ ವಾದ್ಯವನ್ನು ಕೈಬಿಡಿ.